ಕೆಂದ, ಬೂದ್ಯಾ ಮತ್ತು ತುಂಬಿದ ತಂಬಿಗೆ

ಆದೆಪ್ಪನ ಕೈಗೆ ಒಂದು ಮಾವಿನಹಣ್ಣು ಕೊಟ್ಟರೆ ಸುಮ್ಮನೆ ತಿಂದುಬಿಡುತ್ತಿದ್ದ. ಎರಡು ಕೊಟ್ಟರೆ ಮುಗಿಯಿತು. ಬಲಗೈಯಲ್ಲೊಂದು, ಎಡಗೈಯಲ್ಲೊಂದು ಹಿಡಿದು ತೂಗುತ್ತಿದ್ದ, ಮೂಸುತ್ತಿದ್ದ, ತೊಟ್ಟಿನ ಹತ್ತಿರ ಒತ್ತಿ ನೋಡುತ್ತಿದ್ದ. ಯಾವುದು ಸಿಹಿ ಎಂದು ಮೊದಲು ಹೇಳಿ ಆಮೇಲೆ ಕಚ್ಚುತ್ತಿದ್ದ. ಹೇಳಿದ್ದು ಸುಳ್ಳಾದರೆ ಅವನಿಗೆ ಇನ್ನೂ ಖುಷಿ. "ಯಾಕ ಹಿಂಗಾತು?" ಎನ್ನುತ್ತ ಗೊರಟ ಚೀಪಿಕೊಂಡು ಕೂಡುತ್ತಿದ್ದ.

ಇಂಥ ಮನುಷ್ಯನ ಕೈಗೆ ಎರಡು ಇಟಲಿ ಕಾರು ಸಿಕ್ಕವು. ಹದಿನಾಲ್ಕು ವರ್ಷ ಅವುಗಳನ್ನು ತೂಗಿದ್ದೇ ತೂಗಿದ್ದು.

ಅವನ ಊರು ಪಾಮನಕಲ್ಲೂರು. ಮನೆತನ ಕುರಿಯವರದು. ಕಾಲುವೆಯ ಕೆಲಸ ಜೋರಾಗಿದ್ದ ಸಾವಿರದ ಒಂಬೈನೂರ ಐವತ್ತಾರರಲ್ಲಿ, ಮೀಸೆ ಆಗಲೇ ದಟ್ಟವಾಗಿದ್ದ ಆದೆಪ್ಪ ಕುರಿಯನ್ನು ಅಣ್ಣನಿಗೆ ಒಪ್ಪಿಸಿ ಸಿಂಧನೂರಿನ ಕಡೆಯ ಕ್ಯಾಂಪಿಗೆ ಮಣ್ಣು ಹೊರಲು ಹೋದ. ಅಲ್ಲಿ ಕಾಲುವೆಯ ಏರಿಯ ಮಣ್ಣು ಅದುಮಿ ಗಟ್ಟಿ ಮಾಡಲು ಎರಡು ರೋಲರುಗಳಿದ್ದವು. ಒಂದೇ ಕಂಪನಿಯವು, ಒಂದೇ ದಿನ ಬಂದವು. ಆದರೂ ಒಂದು ಕರಿ ಹೊಗೆ ಬಿಡುತ್ತಿತ್ತು, ಇನ್ನೊಂದು ಬಿಳಿ ಹೊಗೆ. ನೂರಾರು ಜನ ದಿನಾ ನೋಡುತ್ತಿದ್ದರು. ಕೇಳಿದವನು ಆದೆಪ್ಪ ಒಬ್ಬನೇ. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡೇ ಕ್ಯಾಂಪಿನ ಮೆಕ್ಯಾನಿಕ್ ಪೀರ್‌ಸಾಬ್‌ನ ಮುಂದೆ ನಿಂತು ಕೇಳಿದ.

"ಲೇ, ನೀ ಮಣ್ಣು ಹೊರಾಕ ಬಂದೀಯೋ, ಸವಾಲು ಕೇಳಾಕ ಬಂದೀಯೋ?" ಎಂದ ಪೀರ್‌ಸಾಬ್.

"ಎರಡೂ ಮಾಡ್ತೀನ್ರೀ ಮಾಮಾ. ಬುಟ್ಟಿ ತಲೀಮ್ಯಾಲ ಐತಿ, ಬಾಯಿ ಖಾಲಿ ಐತಿ."

ಪೀರ್‌ಸಾಬ್‌ಗೆ ನಗು ಬಂತು. ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂರಿಸಿಕೊಂಡ. ಎರಡು ವರ್ಷದಲ್ಲಿ ಆದೆಪ್ಪ ರೋಲರು, ಲಾರಿ, ಜೀಪು ಎಲ್ಲವನ್ನೂ ಬಿಚ್ಚಿ ಜೋಡಿಸುವಷ್ಟು ಕಲಿತ. ಓದಲು ಬಾರದಿದ್ದರೂ ಯಾವ ನಟ್ಟು ಯಾವ ಬೋಲ್ಟಿನದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ.

ಮಸ್ಕಿಯಲ್ಲಿ ಅಮರಗುಂಡಪ್ಪ ಸಾವುಕಾರರು ಎಂದರೆ ಹತ್ತಿ ಶೇಂಗಾದ ವ್ಯಾಪಾರದಲ್ಲಿ ದೊಡ್ಡ ಹೆಸರು. ಬಳಗಾನೂರಿನಲ್ಲಿದ್ದ ಅವರ ಹೊಲಕ್ಕೆ ಕಾಲುವೆಯ ನೀರು ಬರುವುದಿತ್ತು. ಮಸ್ಕಿ, ಬಳಗಾನೂರು, ಸಿಂಧನೂರು ಎಂದು ದಿನಾ ತಿರುಗಾಟ. ಕಾರು ತರುತ್ತೇನೆಂದು ಐವತ್ತೆಂಟರಲ್ಲಿ ಹೈದರಾಬಾದಿಗೆ ಹೊರಟರು. ನಡೆಸಿಕೊಂಡು ಬರಲು ಪೀರ್‌ಸಾಬ್, ಆದೆಪ್ಪ ಇಬ್ಬರನ್ನೂ ಜೊತೆಗೆ ಕರೆದುಕೊಂಡರು. ಅಲ್ಲಿ ನಿಜಾಮರ ಕಾಲದ ಒಂದು ದೊಡ್ಡ ದೇವಡಿಯಲ್ಲಿ, ಅಂದರೆ ಶ್ರೀಮಂತರ ಮಹಲಿನಲ್ಲಿ, ಸಾಮಾನೆಲ್ಲ ಹರಾಜಿಗೆ ಬಿದ್ದಿತ್ತು. ಅಂಗಳದಲ್ಲಿ ಎರಡು ಕಾರು ನಿಂತಿದ್ದವು. ಒಂದು ಕೆಂಪು, ಒಂದು ಬೂದಿ ಬಣ್ಣ. ಎರಡೂ ಇಟಲಿಯವು.

ಹರಾಜಿನವನು "ಯಾವುದು ಬೇಕು?" ಎಂದು ಕೇಳಿದ. ಆ ಪ್ರಶ್ನೆಯೇ ಸಾವುಕಾರರಿಗೆ ತಿಳಿಯಲಿಲ್ಲ. ಅವರ ಮನೆತನದಲ್ಲಿ ಯಾರೂ ಒಂಟಿ ಎತ್ತು ಕೊಂಡವರಲ್ಲ. "ಜೋಡಿ ಹೊಡಕೊಂಡು ಹೋಗಾಕ ಬಂದೀನಪ್ಪಾ. ಒಂದ ತಗೊಂಡು ನೊಗಕ್ಕ ಏನು ಕಟ್ಟಲಿ?" ಎಂದು ಎರಡನ್ನೂ ಹಿಡಿದರು.

ಆಗ ಇನ್ನೊಂದು ಮಾತು ನಡೆಯಿತು. ದೇವಡಿಯ ಗುಮಾಸ್ತ ಎರಡೂ ಕಾರಿನ ಕೀಲಿಕೈಗಳನ್ನು ತಂದು ಸಾವುಕಾರರ ಅಂಗೈಯಲ್ಲಿಟ್ಟ. ಅವರು ಗಾಬರಿಯಾದರು. ನಮ್ಮ ಕಡೆ ಎತ್ತು ಮಾರಿದರೂ ಅದರ ಕೊರಳಿನ ಹಗ್ಗ ಕೊಡುವುದಿಲ್ಲ. ಹಗ್ಗ ಹೋದರೆ ಕೊಟ್ಟಿಗೆಯ ಲಕ್ಷ್ಮಿ ಹಿಂದೆಯೇ ಹೋಗುತ್ತಾಳೆಂದು ನಂಬಿಕೆ. ಕೊಂಡವನು ಹೊಸ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಸಾವುಕಾರರು ಕೀಲಿಕೈ ನೋಡಿ, ದೇವಡಿಯ ಗೋಡೆಯಿಂದ ಕಳಚಿದ ಗಿಲಾವು ನೋಡಿ, ಪೀರ್‌ಸಾಬ್‌ನ ಕಿವಿಯಲ್ಲಿ, "ಹಗ್ಗ ಸೈತ ಕೊಡಾಕತ್ತಾರಲ್ಲೋ. ಮನಿ ಹಿಂಗ್ಯಾಕಾತು ಅನ್ನೋದು ಈಗ ತಿಳೀತು" ಎಂದರು.

ಬರುವಾಗ ಕೆಂಪು ಕಾರು ಪೀರ್‌ಸಾಬ್ ನಡೆಸಿದ, ಬೂದಿ ಬಣ್ಣದ್ದು ಆದೆಪ್ಪ. ದೂರದ ಹಾದಿಯನ್ನು ಬೇಗ, ಸುಖವಾಗಿ ಮುಗಿಸಲೆಂದೇ ಕಟ್ಟಿದ ಕಾರುಗಳವು. ಮುಂದೆ ಇಬ್ಬರು ಕುಳಿತರೆ ಅರಮನೆ. ಹಿಂದೆ ಕುಳಿತವರ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮಾನ್ವಿ ದಾಟಿ ಒಂದು ಬೇವಿನ ಮರದಡಿ ನಿಲ್ಲಿಸಿದರು. ಪೀರ್‌ಸಾಬ್ ಬೀಡಿ ಹಚ್ಚಿದ. ಆದೆಪ್ಪ ಎರಡೂ ಕಾರಿನ ಕೆಳಗೆ ತೆವಳಿ ಬಂದ. ಬಂದವನ ಮುಖ ಬಿಳಿಚಿತ್ತು.

"ಮಾಮಾ, ಈ ಬೂದಿ ಬಣ್ಣದ್ದರ ಗೇರಿನ ಪೆಟಗಿ ಹಾದ್ಯಾಗ ಕಳಚಿ ಬಿದ್ದೈತ್ರೀ!"

"ಗೇರಿಲ್ದ ಇಲ್ಲೀತನಾ ಹ್ಯಾಂಗ ಬಂದ್ಯೋ ಮಳ್ಳ?"

"ಅದ ನಾನೂ ಕೇಳಾಕತ್ತೀನಿ. ಎಂಜಿನ್ ಹಿಂದ ಇರಬೇಕಾದ ಜಾಗಾದಾಗ ಇಲ್ರೀ. ನೀವ ನೋಡ್ರಿ."

ಇಬ್ಬರೂ ಅಂಗಾತ ಮಲಗಿ ಹುಡುಕಿದರು. ಕೊನೆಗೆ ಪೆಟ್ಟಿಗೆ ಸಿಕ್ಕಿತು, ಹಿಂದಿನ ಎರಡು ಚಕ್ರಗಳ ನಡುವೆ. ಪೀರ್‌ಸಾಬ್ ತನ್ನ ಮೂವತ್ತು ವರ್ಷದ ಕೆಲಸದಲ್ಲಿ ಗೇರು ಅಷ್ಟು ಹಿಂದೆ ಕುಳಿತದ್ದನ್ನು ಕಂಡಿರಲಿಲ್ಲ.

"ಯಾಕ್ರೀ ಮಾಮಾ?" ಎಂದ ಆದೆಪ್ಪ.

"ನನಗೇನು ಗೊತ್ತೋ. ಇಟಲಿ ದೇಶದವ್ರನ್ನ ಕೇಳು."

ಆ "ಯಾಕ" ಅಂದು ಬೇವಿನ ಮರದಡಿ ಹುಟ್ಟಿದ್ದು ಹದಿನಾಲ್ಕು ವರ್ಷ ಬದುಕಿತು.

ಮನೆಯ ಮುಂದೆ ಸಾವುಕಾರರ ಹೆಂಡತಿ ವೀರಭದ್ರಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಎರಡನ್ನೂ ನೋಡಿ ತಟ್ಟೆಯನ್ನು ಅಲ್ಲೇ ನಿಲ್ಲಿಸಿದರು. "ಏನ್ರೀ ಇದು? ಬಣ್ಣ ಬ್ಯಾರೆ, ಎತ್ತರ ಬ್ಯಾರೆ, ಮಾರಿ ಬ್ಯಾರೆ. ಜೋಡಿ ತರಾಕ ಹೋದವ್ರು ಒಂದೀಟು ನೋಡಿ ತರಬಾರದಾ?"

"ಇಟಲಿ ದೇಶದಾಗ ಹಂಗ ಇರ್ತಾವ. ಬೆಳಗು ನೀ" ಎಂದರು ಸಾವುಕಾರರು.

ಎತ್ತಿಗಿಟ್ಟಂತೆಯೇ ಹೆಸರಿಟ್ಟರು. ಕೆಂಪನೆಯದು ಕೆಂದ, ಬೂದಿ ಬಣ್ಣದ್ದು ಬೂದ್ಯಾ. ಕಾಗದದ ಮೇಲೆ ಕೆಂದ ಆಲ್ಫಾ ರೋಮಿಯೋ, ಬೂದ್ಯಾ ಲಾನ್ಸಿಯಾ ಔರೆಲಿಯಾ. ಮಸ್ಕಿಯಲ್ಲಿ ಆ ಹೆಸರು ಯಾರ ನಾಲಗೆಗೂ ಹತ್ತಲಿಲ್ಲ.

ಆದೆಪ್ಪ ಸಾವುಕಾರರ ಡ್ರೈವರನಾಗಿ ನಿಂತ. ಎರಡು ಕಾರಿನ ಗುಣ ಅವನಿಗೆ ದಿನದಿನಕ್ಕೆ ತಿಳಿಯುತ್ತ ಹೋಯಿತು. ಕೆಂದನ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರು ಒಂದೇ ಸಾಲಿನಲ್ಲಿ ನಿಂತಿದ್ದವು. ಬೂದ್ಯಾನಲ್ಲಿ ಆರು, ಮೂರು ಈ ಕಡೆ ವಾಲಿ, ಮೂರು ಆ ಕಡೆ ವಾಲಿ. ಕೆಂದನ ಮೈ ಅಲ್ಯೂಮಿನಿಯಂ ತಗಡಿನದು, ಸಣ್ಣ ಕೊಳವೆಗಳ ಹಂದರದ ಮೇಲೆ ಹೊದಿಸಿದ್ದು. ಅಯಸ್ಕಾಂತ ಹಿಡಿದರೆ ಜಾರಿ ಬೀಳುತ್ತಿತ್ತು. ಬೂದ್ಯಾನ ಮೈ ಉಕ್ಕಿನದು, ಮಾಡು ಹಿಂದಕ್ಕೆ ಇಳಿಜಾರಾಗಿ, ಕುಳಿತ ಪಾರಿವಾಳದ ಬೆನ್ನಿನ ಹಾಗೆ. ಕೆಂದನಿಗೆ ಐದು ಗೇರು, ಬೂದ್ಯಾನಿಗೆ ನಾಲ್ಕು. ಕೆಂದ ಓಡುವಾಗ ಹಾಡುತ್ತಿತ್ತು. ಬೂದ್ಯಾ ಓಡುವಾಗ ಒಳಗೆ ಕುಳಿತವರು ಪಿಸುಮಾತು ಆಡಬಹುದಿತ್ತು.

ಕೆಂದ ದಿನದ ಓಡಾಟಕ್ಕೆ. ಬೂದ್ಯಾ ಮದುವೆಗೆ, ಶ್ರಾವಣ ಸೋಮವಾರಕ್ಕೆ. ಹಾಗಾಗಿ ಮುರಿದದ್ದೆಲ್ಲ ಕೆಂದನದೇ. ಇಟಲಿಯ ಸಾಮಾನು ಮಸ್ಕಿಯಲ್ಲೆಲ್ಲಿ ಸಿಗಬೇಕು? ಸ್ಟೇರಿಂಗಿನ ಚಕ್ರ ಬಿರಿದಾಗ ಊರಿನ ಬಡಿಗೇರ ಬಂಡಿಯ ಚಕ್ರಕ್ಕೆಂದು ಇಟ್ಟಿದ್ದ ಜಾಲಿಕಟ್ಟಿಗೆಯನ್ನು ಕೆತ್ತಿ ಹೊಸದು ಮಾಡಿಕೊಟ್ಟ. ದೀಪದ ಬಳೆ ಉದುರಿದಾಗ ಕಂಚುಗಾರ ಹಿತ್ತಾಳೆಯದು ಬಡಿದುಕೊಟ್ಟ. ಸೀಟಿನ ಚರ್ಮ ಹರಿದಾಗ ಚಪ್ಪಲಿ ಹೊಲಿಯುವವನು ಮೂರು ದಿನ ಕುಳಿತು ಹೊಲಿದ. ಬಾಗಿಲಿನ ಹಿಡಿಕೆ, ಗಾಜು ಒರೆಸುವ ಕಡ್ಡಿ, ಪೆಟ್ರೋಲ್ ಟಾಕಿಯ ಮುಚ್ಚಳ ಎಲ್ಲ ಒಂದೊಂದಾಗಿ ಊರಿನದೇ ಆದವು. ಆದೆಪ್ಪನಿಗೆ ಕೆಂದನ ಮೇಲಿನ ಪ್ರತಿ ಕೈಯ ಗುರುತು ಗೊತ್ತಿತ್ತು.

ಬೂದ್ಯಾ ಮಾತ್ರ ತಿಳಿಯದೆ ಉಳಿಯಿತು. ಗೇರು ಯಾಕೆ ಹಿಂದೆ? ಕಾಲುವೆಯ ಇಂಜಿನಿಯರರನ್ನು ಕೇಳಿದ. "ಮುಂದ ಜಾಗಾ ಸಾಲಿರಲಿಕ್ಕಿಲ್ಲ" ಎಂದರು. ಸಿಂಧನೂರಿನ ಬಸ್ಸಿನ ಮೆಕ್ಯಾನಿಕನನ್ನು ಕೇಳಿದ. "ಹಿಂದಿನ ಸೀಟಿನ್ಯಾಗ ಕುಂತಾವ್ರಿಗೆ ಬೆಚ್ಚಗಿರಲಿ ಅಂತ" ಎಂದು ಆತ ಕಣ್ಣು ಮಿಟುಕಿಸಿದ. ಬಿಚ್ಚಿ ನೋಡೋಣವೆಂದರೆ ಸಾವುಕಾರರು ಒಪ್ಪಲಿಲ್ಲ.

"ನಡಿಯೋ ಎತ್ತಿನ ಹೊಟ್ಟಿ ಸೀಳಿ ಯಾಕ ನಡೀತೈತಿ ಅಂತ ನೋಡ್ತಾರೇನಲೇ? ಕೆಟ್ಟಾಗ ಬಿಚ್ಚು."

ಬೂದ್ಯಾ ಕೆಡಲೇ ಇಲ್ಲ.

ಎಪ್ಪತ್ತೆರಡರಲ್ಲಿ ಬಳಗಾನೂರಿನ ಹೊಲದ ಭತ್ತ ಮಸ್ಕಿಯ ಮನೆಯಲ್ಲಿ ಹಿಡಿಸದಾಯಿತು. ಕಾರು ನಿಲ್ಲುವ ಶೆಡ್ಡಿನ ಅರ್ಧವನ್ನು ಗೋದಾಮು ಮಾಡಬೇಕೆಂದು ಸಾವುಕಾರರು ನಿಶ್ಚಯಿಸಿದರು. ಅಂದರೆ ಒಂದು ಕಾರಿಗೆ ಮಾತ್ರ ಜಾಗ. ಅದೇ ಹೊತ್ತಿಗೆ ಹೈದರಾಬಾದಿನಿಂದ ಕಾಗದ ಬಂತು. ಹಳೆಯ ಕಾರುಗಳನ್ನು ಕೂಡಿಸಿಟ್ಟುಕೊಳ್ಳುವ ಹವ್ಯಾಸದ ಶಂಶಾದ್‌ಬೀ ಎಂಬ ಹೆಂಗಸು, ನಿಮ್ಮಲ್ಲಿರುವ ಎರಡರಲ್ಲಿ ಒಂದನ್ನು ಬೆಲೆಗೆ ಕೊಡುವಿರಾ ಎಂದು ಕೇಳಿದ್ದಳು.

ಸಾವುಕಾರರು ಆದೆಪ್ಪನನ್ನು ಕರೆದರು. "ನೋಡಲೇ, ಚಲೋದು ನಮಗಿರಲಿ, ಉಳಿದದ್ದು ಆಕಿಗೆ. ಯಾವುದು ಚಲೋದು ಅನ್ನೋದು ನಿನಗಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ. ನೀ ಹೇಳಿದ್ದ ಕಡೀ ಮಾತು."

ಆದೆಪ್ಪನ ಎದೆ ಹಗುರಾಯಿತು. ಬೂದ್ಯಾ ಚಲೋದು ಎಂದರೆ ಸಾಕು, ಬೂದ್ಯಾ ಉಳಿಯುತ್ತದೆ. ಇವತ್ತಲ್ಲ ನಾಳೆ ಕೆಡುತ್ತದೆ, ಬಿಚ್ಚಬಹುದು, ತಿಳಿಯಬಹುದು. ಬೂದ್ಯಾ ಹೋದರೆ ಆ ಪ್ರಶ್ನೆ ಹೊತ್ತುಕೊಂಡೇ ತಾನು ಮುದುಕನಾಗಬೇಕು. "ಆಕಿ ಬರಲ್ರೀ, ಆಕಿ ಮುಂದ ಹೇಳ್ತೀನಿ" ಎಂದ.

ಶಂಶಾದ್‌ಬೀ ಬಂದಳು. ಜೊತೆಗೆ ತಂದಿದ್ದ ಕೆಲಸದವನನ್ನು ಪಕ್ಕಕ್ಕೆ ಕೂರಿಸಿ ಜೀಪನ್ನು ತಾನೇ ನಡೆಸಿಕೊಂಡು ಬಂದಿದ್ದಳು. ಐವತ್ತರ ಹೆಂಗಸು, ಕಣ್ಣಿಗೆ ದಪ್ಪ ಕನ್ನಡಕ. ಸಾವುಕಾರರು ಕೈಮುಗಿದು "ಬರ್ರಿ ಬೇಗಂ ಸಾಹೇಬ್ರ" ಎಂದರು.

"ಬೇಗಂ ಗೀಗಂ ಏನಿಲ್ಲ ಅಣ್ಣಾರ. ನಾನು ಲಿಂಗಸುಗೂರಿನ ಹೆಣ್ಮಗಳು. ನಮ್ಮವ್ವನ ಮನಿ ಇನ್ನೂ ಅಲ್ಲೇ ಐತಿ. ನಮ್ಮ ಅಬ್ಬಾ ಹೈದರಾಬಾದಿನ ದೇವಡಿಗಳಾಗ ಮೋಟಾರು ರಿಪೇರಿ ಮಾಡ್ತಿದ್ರು. ನಾ ಸಣ್ಣಾಕಿದ್ದಾಗ ಆಡಿದ್ದ ನಟ್ಟು ಬಿಚ್ಚೋ ಪಾನಾದ ಜೋಡಿ."

ಚಹಾ ಬರುವ ಮೊದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಂದನ ಕೆಳಗೆ ತೂರಿದಳು. ವೀರಭದ್ರಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಆದೆಪ್ಪ ಅವಳ ಹಿಂದೆ ಹಿಂದೆಯೇ ತಿರುಗಿದ. ಅವಳು ನೋಡುವ ರೀತಿ ಅವನಿಗೆ ಹೊಸದು. ಓಡುತ್ತದೆಯೇ ಎಂದು ಕೇಳಲೇ ಇಲ್ಲ. ಎಂಜಿನ್ನಿನ ಮೇಲಿನ ನಂಬರು ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. ಮೈಮೇಲಿನ ನಂಬರು ನೋಡಿ ಬರೆದುಕೊಂಡಳು. ಬಣ್ಣವನ್ನು ಉಗುರಿನಿಂದ ಕೆರೆದಳು. ಬಡಿಗೇರ ಮಾಡಿದ ಚಕ್ರದ ಮೇಲೆ ಕೈಯಾಡಿಸಿ ನಕ್ಕಳು.

"ಇದನ್ಯಾರು ಮಾಡಿದ್ದು ತಮ್ಮಾ?"

"ನಮ್ಮ ಬಡಿಗ್ಯಾರಂವರೀ."

"ಭಾಳ ಚಂದ ಮಾಡ್ಯಾನ. ಆದ್ರ ನನ್ನ ಕಡೆ ಬಂದ್ರ ಇದನ್ನ ತಗದು ಹಾಕ್ತೀನಿ. ಅಸಲ್ ಚಕ್ರ ಇಟಲಿಯಿಂದ ತರಸ್ತೀನಿ. ಆ ಹಿತ್ತಾಳಿ ಬಳಿನೂ, ಸೀಟಿನ ಚರ್ಮನೂ."

"ತಿರಗತೈತಲ್ರೀ ಚಕ್ರ? ಯಾಕ ತಗೀಬೇಕು?"

"ಹುಟ್ಟಿದಾಗ ಹ್ಯಾಂಗಿತ್ತೋ ಹಂಗ ಇರಬೇಕು. ಅದ ನಮ್ಮ ಶೋಕಿ."

"ಮನಷ್ಯಾ ಹುಟ್ಟಿದಾಗ ಇದ್ದಂಗ ಇರ್ತಾನೇನ್ರೀ ಅಮ್ಮಾರ?"

ಅವಳು ಕನ್ನಡಕ ತೆಗೆದು ಅವನನ್ನು ನೋಡಿದಳು. "ಮನಷ್ಯಾನ್ನ ಯಾರೂ ಶೆಡ್ಡಿನಾಗ ಇಡಂಗಿಲ್ಲ ಬಿಡು" ಎಂದಳು. ಇಬ್ಬರೂ ನಕ್ಕರು.

ಬೂದ್ಯಾನ ಹತ್ತಿರ ಅವಳು ಬಹಳ ಹೊತ್ತು ನಿಂತಳು. ನಂಬರು ಹೊಂದಿದವು, ದೀಪ ಅದರದೇ, ಚರ್ಮ ಅದರದೇ. ಆದರೂ ಮನಸ್ಸು ಕೆಂದನ ಕಡೆಗೂ ತಿರುಗುತ್ತಿತ್ತು. ಆ ಅಲ್ಯೂಮಿನಿಯಂ ಮೈಯ ಕಾರು ಸಿಗುವುದು ಅಪರೂಪವಂತೆ. ಕೊನೆಗೆ ಆದೆಪ್ಪನ ಕಡೆ ತಿರುಗಿದಳು.

"ತಮ್ಮಾ, ನಾ ಇಷ್ಟು ದೂರ ಬಂದಿದ್ದು ಎರಡರಾಗ ಚಲೋದು ಒಯ್ಯಾಕ. ನನ್ನ ಪುಸ್ತಕದಾಗ ನಂಬರ್ ಅದಾವ, ಗುಣ ಇಲ್ಲ. ಹದಿನಾಲ್ಕು ವರ್ಷ ನಡಿಸಿದಾಂವ ನೀನು. ಯಾವುದು ಚಲೋದು, ನೀನ ಹೇಳು. ನೀ ಹೇಳಿದ್ದ ಒಯ್ತೀನಿ."

ಆದೆಪ್ಪ ಸಾವುಕಾರರ ಮುಖ ನೋಡಿದ. ಅವರು ಮೀಸೆಯೊಳಗೇ ನಗುತ್ತಿದ್ದರು. ಇಬ್ಬರು ಕೇಳುವವರು, ಇಬ್ಬರಿಗೂ ಚಲೋದೇ ಬೇಕು, ಹೇಳುವ ಬಾಯಿ ಒಂದು. ಇವಳಿಗೊಂದು, ಅವರಿಗೊಂದು ಹೇಳುವಂತಿಲ್ಲ. ಎರಡು ಹಣ್ಣಿನ ವಿಷಯದಲ್ಲೂ ಸುಳ್ಳು ಹೇಳದ ಮನುಷ್ಯ.

"ನಡಿಸಿ ನೋಡಲಾರ್ದ ಎತ್ತಿನ ಗುಣ ಹೇಳಾಕ ಬರಂಗಿಲ್ರೀ" ಎಂದ. "ನಾಳಿ ಮುಂಜಾನಿ ಕಾಲುವಿ ಏರಿ ಮ್ಯಾಲ ಎರಡೂ ನಡಸೂಣು. ಅಲ್ಲೇ ಹೇಳ್ತೀನಿ."

ಮರುದಿನ ಬಳಗಾನೂರಿನ ಹತ್ತಿರ, ಏರಿಯ ಮೇಲೆ ಎರಡೂ ಕಾರು ನಿಂತವು. ಆದೆಪ್ಪ ವೀರಭದ್ರಮ್ಮನವರಿಂದ ಒಂದು ಹಿತ್ತಾಳೆ ತಂಬಿಗೆ ಕೇಳಿ ತಂದಿದ್ದ. ಕಾಲುವೆಗಿಳಿದು ಕಂಠಮಟ್ಟ ನೀರು ತುಂಬಿದ. ಟವೆಲ್ಲನ್ನು ಸಿಂಬಿ ಸುತ್ತಿ, ಡ್ರೈವರನ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ತಂಬಿಗೆ ಕೂರಿಸಿದ. ಒಂದು ತೂಬಿನಿಂದ ಮುಂದಿನ ತೂಬಿನವರೆಗೆ ಹೋಗಬೇಕು. ನಡುವೆ ಮೂರು ತಿರುವು, ಒಂದು ಉಬ್ಬು. ಯಾವುದರಲ್ಲಿ ನೀರು ಕಡಿಮೆ ಚೆಲ್ಲುತ್ತದೋ ನೋಡಬೇಕು.

"ಇಂಥಾ ಪರೀಕ್ಷಾ ಯಾವ ಪುಸ್ತಕದಾಗೂ ಇಲ್ಲ" ಎಂದು ಶಂಶಾದ್‌ಬೀ ಚಪ್ಪಾಳೆ ತಟ್ಟಿದಳು. ತಾನೇ ಹಿಂದಿನ ಸೀಟಿನಲ್ಲಿ ಮುದುಡಿ ಕುಳಿತಳು, ತಂಬಿಗೆಯ ಮೇಲೆ ಕಣ್ಣಿಟ್ಟು. ಸಾವುಕಾರರು ಅವಳ ಪಕ್ಕ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು.

ಮೊದಲು ಕೆಂದ. ಒಂದು, ಎರಡು, ಮೂರು ಎಂದು ಗೇರು ಏರುತ್ತಿದ್ದಂತೆ ಅದು ಹಾಡತೊಡಗಿತು. ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರು ಸೊಂಟ ನೇರ ಮಾಡಿ ನೋಡಿದರು. ತೂಬಿನ ಹತ್ತಿರ ನಿಲ್ಲಿಸಿ ಆದೆಪ್ಪ ತಂಬಿಗೆಯಲ್ಲಿ ಬೆರಳು ಇಳಿಸಿ ಅಳೆದ. ನೀರು ನಾಲ್ಕು ಬೆರಳು ಇಳಿದಿತ್ತು.

ಆಮೇಲೆ ಬೂದ್ಯಾ. ಅದೇ ಹಾದಿ, ಅದೇ ವೇಗ, ಮತ್ತೆ ಕಂಠಮಟ್ಟ ತುಂಬಿದ ಅದೇ ತಂಬಿಗೆ. ತಿರುವಿನಲ್ಲಿ ನೀರು ಅಂಚಿನವರೆಗೆ ಬಂದು, ಯೋಚಿಸಿ, ಹಿಂದಕ್ಕೆ ಹೋಗುತ್ತಿತ್ತು. ಎರಡೇ ಬೆರಳು ಇಳಿದಿತ್ತು.

"ಇವನ ಕೈಗೆ ಬೂದ್ಯಾನ ಮ್ಯಾಲ ಮಮತಾ ಜಾಸ್ತಿ" ಎಂದಳು ಶಂಶಾದ್‌ಬೀ. "ಆಚೆ ಸರಿ, ನಾ ನಡಸ್ತೀನಿ." ಅವಳು ನಡೆಸಿದಳು. ಕೆಂದನಲ್ಲಿ ಐದು ಬೆರಳು. ಬೂದ್ಯಾನಲ್ಲಿ ಮತ್ತೆ ಎರಡು.

ಸಾವುಕಾರರ ಮುಖ ಅರಳಿತು. ಶಂಶಾದ್‌ಬೀಯ ಕಣ್ಣೂ ಬೂದ್ಯಾನ ಮೇಲೆ ನೆಟ್ಟಿತು. "ಹೇಳಪಾ ಇನ್ನ" ಎಂದರು ಸಾವುಕಾರರು. ಆದೆಪ್ಪ ಇನ್ನೂ ನೀರಿನಲ್ಲಿ ಬೆರಳು ಅದ್ದಿಕೊಂಡು, ತಂಬಿಗೆ ಹಿಡಿದು ನಿಂತುಬಿಟ್ಟಿದ್ದ. ಯಾವುದು ಎಂಬುದು ಸಿಕ್ಕಿತ್ತು, ಯಾಕೆ ಎಂಬುದು ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಎದುರಿನಿಂದ ಒಂದು ಎತ್ತಿನ ಬಂಡಿ ಬಂತು. ಸಾಲಗುಂದದ ದ್ಯಾವಪ್ಪ ಭತ್ತದ ಚೀಲ ಹೇರಿಕೊಂಡು ಬರುತ್ತಿದ್ದ. ಏರಿಯ ಮೇಲೆ ಎರಡು ಕಾರು ಅಡ್ಡ ನಿಂತದ್ದರಿಂದ ಅವನೂ ನಿಲ್ಲಿಸಿದ. ಎತ್ತುಗಳು ಕತ್ತು ತಗ್ಗಿಸಿ ಬುಸುಗುಡುತ್ತಿದ್ದವು. ನೊಗ ಕುತ್ತಿಗೆಗೆ ಒತ್ತಿತ್ತು. ನಿಂತದ್ದೇ ನೆಪವಾಗಿ ದ್ಯಾವಪ್ಪ ಬಂಡಿ ಹತ್ತಿ, ಮುಂದಿದ್ದ ಎರಡು ಚೀಲವನ್ನು ಎಳೆದು ಅಚ್ಚಿನ ಹಿಂದಕ್ಕೆ ಹಾಕಿದ. ನೊಗ ಮೇಲೆದ್ದಿತು. ಎತ್ತುಗಳು ತಲೆ ಎತ್ತಿ ಕಿವಿ ಬಡಿದುಕೊಂಡವು.

ಆದೆಪ್ಪನ ಕೈಯಿಂದ ತಂಬಿಗೆ ಬಿತ್ತು.

"ಹಿಂದ ಹಾಕಿದ! ಅಮ್ಮಾರ, ಹಿಂದ ಹಾಕಿದ ನೋಡ್ರಿ!" ಎಂದು ಕೂಗುತ್ತ ಬಂಡಿಯ ಕಡೆ ಓಡಿದ. ಚೀಲ ಮುಟ್ಟಿದ, ಅಚ್ಚು ಮುಟ್ಟಿದ, ಹಿಂದಕ್ಕೆ ಓಡಿ ಬಂದು ಬೂದ್ಯಾನ ಹಿಂಭಾಗ ತಟ್ಟಿದ. "ಎಂಜಿನ್ ಮುಂದಿನ ಚೀಲ, ಗೇರು ಹಿಂದಿನ ಚೀಲ. ಎರಡೂ ಮುಂದಿದ್ರ ಮೂತಿ ಭಾರ, ತಿರುವಿನ್ಯಾಗ ಮೂತಿ ಎಳೀತೈತಿ. ಒಂದ ಹಿಂದ ಹಾಕಿದ್ರ ನೊಗ ಹಗುರ. ಅದಕ ನೀರು ಚೆಲ್ಲಂಗಿಲ್ಲ!"

ಶಂಶಾದ್‌ಬೀ ನಗುತ್ತ ಕೆಂದನಿಗೆ ಒರಗಿದಳು. "ಹೌದೋ ತಮ್ಮಾ. ನಮ್ಮ ಅಬ್ಬಾನೂ ಅದ ಹೇಳ್ತಿದ್ರು. ಭಾರ ಮುಂದ ಅರ್ಧ, ಹಿಂದ ಅರ್ಧ. ನಿನ್ನೆ ಕೇಳಿದ್ರ ಹೇಳಿಬಿಡ್ತಿದ್ದೆ."

"ಕೇಳಲಿಲ್ಲ, ಪುಣ್ಯಾ ಬಂತ್ರೀ."

ದ್ಯಾವಪ್ಪ ಬಂಡಿಯ ಮೇಲೆ ನಿಂತೇ ಇದ್ದ. "ಇಷ್ಟಕ್ಕ ಯಾಕ ಒದರಾಕತ್ತಿ ಮಾರಾಯಾ? ನಮ್ಮ ಮುತ್ತ್ಯಾ ಹಿಂಗ ಹೇರ್ತಿದ್ದ. ದಾರಿ ಬಿಡ್ರಿ ಇನ್ನ."

ದಾರಿ ಬಿಟ್ಟರು. ಬಂಡಿ ಹೋಯಿತು. ಏರಿಯ ಮೇಲೆ ಮೂವರು, ಎರಡು ಕಾರು.

"ಬೂದ್ಯಾ ಚಲೋದು" ಎಂದ ಆದೆಪ್ಪ.

ಸಾವುಕಾರರು ತೊಡೆ ತಟ್ಟಿದರು. "ಮುಗೀತು. ಬೂದ್ಯಾ ನಮ್ಮದು. ತಂಗೀ, ಕೆಂದನ್ನ ಒಯ್ಯವ್ವಾ."

"ಅದ್ಹ್ಯಾಂಗ ಅಣ್ಣಾರ? ಚಲೋದು ನಂದು ಅಂತ ನಾನೂ ಮೊದ್ಲ ಹೇಳೀನಿ."

ಇಬ್ಬರೂ ಆದೆಪ್ಪನನ್ನು ನೋಡಿದರು. ಅವನ ಅಂಗೈ ಬೂದ್ಯಾನ ಇಳಿಜಾರು ಬೆನ್ನಿನ ಮೇಲಿತ್ತು. ಬಿಸಿಲಿಗೆ ಅದು ಕಾದಿತ್ತು. ಆದರೂ ಅವನು ಕೈ ತೆಗೆಯಲಿಲ್ಲ. ಗೇರು ಹಿಂದೆ ಯಾಕೆಂದು ಈಗ ಗೊತ್ತು. ಗೊತ್ತಾದ ಮೇಲೆ ಇದು ಇನ್ನೂ ಬೇಕೆನಿಸುತ್ತಿತ್ತು. ಆ ಪೆಟ್ಟಿಗೆಯೊಳಗೆ ಇನ್ನೇನೇನು ಇದೆಯೋ.

"ಸಾವ್ಕಾರ್ರ, ಬೂದ್ಯಾ ಅಮ್ಮಾರ ಕಡೆ ಹೋಗಲಿ" ಎಂದ.

"ಏನಂದಿ? ಚಲೋದು ಅದ ಅಂತ ಈಗ ನಿನ್ನ ಬಾಯಿಲೆ ಹೇಳಿದಿ!"

"ಹೌದ್ರೀ, ಚಲೋದು. ಆದ್ರ ಕೆಂದನ್ನ ಒಯ್ದ್ರ ಅಮ್ಮಾರು ಬಡಿಗ್ಯಾರನ ಚಕ್ರ ತಗೀತಾರ. ಕಂಚಗಾರನ ಬಳಿ ತಗೀತಾರ, ಸೀಟಿನ ಚರ್ಮ ತಗೀತಾರ. ತಗದು ತಗದು ನಮ್ಮ ಮಸ್ಕಿ ಅದರಾಗ ಒಂದೀಟೂ ಉಳಿಯಂಗಿಲ್ಲ. ಬೂದ್ಯಾನಾಗ ತಗಿಯುವಂಥಾದ್ದು ಏನೂ ಇಲ್ಲ. ಅದು ಹುಟ್ಟಿದಂಗ ಐತಿ. ಅವರಿಗೆ ಬೇಕಾದ್ದು ಅದ. ಅಲ್ಲಿ ಅದು ಚಂದಿರತೈತಿ."

"ಮತ್ತ ನೀನು?" ಎಂದಳು ಶಂಶಾದ್‌ಬೀ.

"ನಾ ಏನ್ರೀ, ಡ್ರೈವರ್" ಎಂದ ಆದೆಪ್ಪ. ಕೈಯನ್ನು ಬೂದ್ಯಾನ ಬೆನ್ನಿನಿಂದ ತೆಗೆದು ಕೆಂದನ ಬಾಗಿಲು ತೆರೆದ.

ನೀ ಹೇಳಿದ್ದೇ ಕಡೆಯ ಮಾತು ಎಂದವರು ಸಾವುಕಾರರೇ. ಬೂದ್ಯಾನ ಹತ್ತಿರ ಹೋಗಿ ಕೀಲಿಕೈ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು. "ಆತು. ಒಯ್ಯಿ ತಂಗೀ."

"ಚಾಬಿ, ಅಣ್ಣಾರ?"

"ಎತ್ತು ಕೊಟ್ಟೀವಿ. ಹಗ್ಗ ಕೊಡಂಗಿಲ್ಲ."

ಅವಳು ಚೇಷ್ಟೆಯೆಂದುಕೊಂಡಳು. ಚೇಷ್ಟೆಯಲ್ಲವೆಂದು ತಿಳಿದಾಗ ತಲೆಗೆ ಕೈಹೊತ್ತಳು. "ಅಸಲ್ ಚಾಬಿ ಇಲ್ದ ನಾ ಹ್ಯಾಂಗ ಒಯ್ಲಿ? ಎಲ್ಲಾ ಅಸಲ್ ಇರೋ ಗಾಡಿ ಅಂತ ಹಿಗ್ಗಿದ್ನಲ್ಲ!" ಬೇಡಿಕೊಂಡಳು, ಸಿಟ್ಟಾದಳು, ದೇವಡಿಯ ಜನ ಸುಮ್ಮನೆ ಕೊಟ್ಟಿರಲಿಲ್ಲವೇ ಎಂದು ವಾದಿಸಿದಳು. "ಕೊಟ್ಟ್ರು. ಆ ದೇವಡಿ ಈಗೆಲ್ಲೈತಿ?" ಎಂದರು ಸಾವುಕಾರರು.

"ಕೊಂಡಾವ್ರು ಹೊಸ ಹಗ್ಗ ತರಬೇಕ್ರೀ" ಎಂದ ಆದೆಪ್ಪ. "ಎರಡು ದಿನ ಕೊಡ್ರಿ. ನಾ ಹೊಸೀತೀನಿ."

ಶಂಶಾದ್‌ಬೀ ಲಿಂಗಸುಗೂರಿಗೆ ತಾಯಿಯ ಮನೆಗೆ ಹೋಗಿ ಕುಳಿತಳು. ಆದೆಪ್ಪ ಕಂಚುಗಾರನಿಂದ ಒಂದು ಹಿತ್ತಾಳೆ ಪಟ್ಟಿ ತಂದು, ಸಾವುಕಾರರ ಎದುರಿಗೇ ಹಳೆಯ ಕೀಲಿಕೈಯನ್ನು ಪಕ್ಕದಲ್ಲಿಟ್ಟುಕೊಂಡು ಅರ ಹಾಕಿದ. ಒಂದೊಂದು ಹಲ್ಲನ್ನೂ ಹಳೆಯದಕ್ಕೆ ಒತ್ತಿ ತೂಗಿ ನೋಡಿದ. ಮೂರನೆಯ ದಿನ ಅದು ಬೂದ್ಯಾನ ಬೀಗದಲ್ಲಿ ಹೊಕ್ಕು ಒಂದೇ ಸಲಕ್ಕೆ ತಿರುಗಿತು. ಶಂಶಾದ್‌ಬೀ ಹೊಸ ಕೀಲಿಕೈಯನ್ನು ಬಿಸಿಲಿಗೆ ಹಿಡಿದಳು. ಅರದ ಗೀರುಗಳು ಹೊಳೆದವು.

"ಎಲ್ಲಾ ಅಸಲ್, ಇದೊಂದು ಮಸ್ಕೀದು. ಇದನ್ನ ತಗದು ಹಾಕಿದ್ರ ಗಾಡಿ ನಡಿಯಂಗಿಲ್ಲ" ಎಂದಳು. "ಭಾಳ ಶ್ಯಾಣ್ಯಾ ಇದ್ದೀ. ಹೈದರಾಬಾದಿಗೆ ಬಾ. ಆ ಪೆಟಗಿ ನಿನ್ನ ಕೈಯಿಂದನ ಬಿಚ್ಚಸ್ತೀನಿ."

ಜೀಪು ಕೆಲಸದವನ ಕೈಗೆ ಕೊಟ್ಟು, ಬೂದ್ಯಾನನ್ನು ತಾನೇ ನಡೆಸಿಕೊಂಡು ಹೋದಳು. ಅದರ ಸದ್ದು ಮೊದಲೇ ಸಣ್ಣದು. ಸಿಂಧನೂರಿನ ರಸ್ತೆಗೆ ಹೊರಳುವಷ್ಟರಲ್ಲಿ ಕೇಳದಾಯಿತು.

ಅದೇ ವಾರ ವೀರಭದ್ರಮ್ಮ ಗೋದಾಮಿನ ಬಾಗಿಲಲ್ಲಿ ನಿಂತು ಕೂಗಿದರು. "ಆದೆಪ್ಪಾ! ಶೇಂಗಾದ ಚೀಲ ಕಾರಿನ ಡಿಕ್ಕ್ಯಾಗ ಯಾಕ ಹೇರಾಕತ್ತೀಯೋ? ಎಲ್ಲಿಗೆ ಒಯ್ತೀ?"

"ಎಲ್ಲಿಗೂ ಇಲ್ರೀ ಅವ್ವಾರ. ತೂಬಿನ ತನಾ ಹೋಗಿ ವಾಪಸ್ ತರ್ತೀನಿ. ಆ ತಂಬಿಗಿ ಒಂದೀಟು ಕೊಡ್ರಿ."

ಒಂದು ಚೀಲ ಹಾಕಿ ನೋಡಿದ. ಎರಡು ಹಾಕಿ ನೋಡಿದ. ಮೂರು ಹಾಕಿದಾಗ ಕೆಂದನ ಮೂತಿ ಮೇಲೆದ್ದು ಏರಿಯ ಮೇಲೆ ಕುಡಿದವನಂತೆ ತೂರಾಡಿತು. ಒಂದೂವರೆ ಚೀಲಕ್ಕೆ ಹದ ಕೂಡಿತು. ನೀರು ಮೂರೇ ಬೆರಳು ಇಳಿಯಿತು. ಅಂದಿನಿಂದ ಕೆಂದ ಎಲ್ಲಿಗೆ ಹೋದರೂ ಡಿಕ್ಕಿಯಲ್ಲಿ ಒಂದೂವರೆ ಚೀಲ ಶೇಂಗಾ ಇದ್ದೇ ಇರುತ್ತಿತ್ತು. ಸಿಂಧನೂರಿನ ಸಂತೆಯಲ್ಲಿ ಜನ ಡಿಕ್ಕಿ ತೆರೆಸಿ ಒಂದೊಂದು ಹಿಡಿ ತಿನ್ನುತ್ತಿದ್ದರು. ಅವನು ಮನೆಗೆ ಬಂದು ಕಡಿಮೆಯಾದಷ್ಟು ತುಂಬುತ್ತಿದ್ದ.

ಮೂರು ಬೆರಳಿನಿಂದ ಎರಡಕ್ಕೆ ಕೆಂದ ಎಂದೂ ಇಳಿಯಲಿಲ್ಲ. ಚೀಲ ಅಚ್ಚಿನ ಹತ್ತಿರ ಸರಿಸಿದ, ದೂರ ಸರಿಸಿದ, ಟೈರಿನ ಗಾಳಿ ಇಳಿಸಿದ, ಏರಿಸಿದ. ಸಂಜೆ ತೂಬಿನ ಕಟ್ಟೆಯ ಮೇಲೆ ಕುಳಿತು ತಂಬಿಗೆಯಲ್ಲಿ ಬೆರಳು ಅದ್ದಿಕೊಂಡು ಬಂದವರನ್ನೆಲ್ಲ ಕೇಳುತ್ತಿದ್ದ:

"ಆ ಒಂದು ಬೆರಳು ನೀರು ಎಲ್ಲಿ ಚೆಲ್ಲತೈತಿ ಅಂತ ನಿಮಗೇನಾರ ಗೊತ್ತೈತೇನ್ರೀ?"